ತರ್ಸೇಮ್ ಸಿಂಗ್ ಅವರ ವೃತ್ತಿಜೀವನ: ಹಾಡಿನ ವಿಡಿಯೊ ಸಿನಿಮಾಕ್ಕೆ ಮೆಟ್ಟಿಲಾಯಿತೇ, ತೊಡಕಾಯಿತೇ?

ಪ್ರಶ್ನೆ ಕೇಳಿದವರು: ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ನಾನು ಐದು ವರ್ಷಗಳಿಂದ ಬೆಂಗಳೂರಿನಲ್ಲಿ ಸ್ವತಂತ್ರ ಗಾಯಕರಿಗೆ ಹಾಡಿನ ವಿಡಿಯೊಗಳನ್ನು ಮಾಡಿಕೊಡುತ್ತಿದ್ದೇನೆ. ನಮ್ಮ ನಡುವೆ ಇದಕ್ಕೆ ಆಲ್ಬಂ ಸಾಂಗ್ ಎಂದೇ ಹೆಸರು. ಬಾಡಿಗೆ ಕ್ಯಾಮೆರಾ, ಒಂದೂವರೆ ದಿನದ ಶೂಟಿಂಗ್, ನಾಲ್ಕು ರಾತ್ರಿಯ ಎಡಿಟಿಂಗ್, ಇಷ್ಟರಲ್ಲಿ ಒಂದು ಕೆಲಸ ಮುಗಿಯುತ್ತದೆ. ಕಳೆದ ತಿಂಗಳು ನಿರ್ಮಾಪಕರೊಬ್ಬರ ಮುಂದೆ ಕೂತು ನನ್ನ ಮೊದಲ ಸಿನಿಮಾದ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ನನ್ನ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿದರು, ಕೊನೆಗೆ ಹಾಡು ತೆಗೆಯುವವರಿಗೆ ಕಥೆ ಕಟ್ಟಿ ನಿಲ್ಲಿಸಲು ಬರುವುದಿಲ್ಲ ಎಂದು ಹೇಳಿ ಕಳುಹಿಸಿದರು. ಆ ಮಾತು ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ಇದೇ ಕಾರಣಕ್ಕೆ ನಿರ್ದೇಶಕ ತರ್ಸೇಮ್ ಸಿಂಗ್ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. 1961ರಲ್ಲಿ ಜಲಂಧರದಲ್ಲಿ ಹುಟ್ಟಿ, ತಂದೆ ಇರಾನಿನಲ್ಲಿ ಎಂಜಿನಿಯರ್ ಆಗಿದ್ದಾಗ ಶಿಮ್ಲಾದ ಬಿಷಪ್ ಕಾಟನ್ ಶಾಲೆಯ ಹಾಸ್ಟೆಲಿನಲ್ಲಿ ಬೆಳೆದು, ದೆಹಲಿಯ ಹಂಸರಾಜ್ ಕಾಲೇಜಿನಲ್ಲಿ ಓದಿ, ಅಲ್ಲಿಂದ ಅಮೆರಿಕದ ಪ್ಯಾಸಡೀನಾದ ಆರ್ಟ್ ಸೆಂಟರ್ ಕಾಲೇಜಿಗೆ ಹೋದವರು ಅವರು. ಆರ್.ಇ.ಎಂ. ತಂಡದ ‘ಲೂಸಿಂಗ್ ಮೈ ರಿಲಿಜನ್’ ಹಾಡಿಗೆ ಅವರು ಮಾಡಿದ ವಿಡಿಯೊ 1991ರ ಎಂಟಿವಿ ಪ್ರಶಸ್ತಿಗಳಲ್ಲಿ ವರ್ಷದ ವಿಡಿಯೊ, ನಿರ್ದೇಶನ, ಸಂಕಲನ ಸೇರಿದಂತೆ ಆರು ಪ್ರಶಸ್ತಿಗಳನ್ನು ಪಡೆಯಿತು. ಅಷ್ಟು ದೊಡ್ಡ ಹೆಸರು ಬಂದ ಮೇಲೂ ಅವರ ಮೊದಲ ಸಿನಿಮಾ ‘ದಿ ಸೆಲ್’ ತೆರೆಗೆ ಬಂದದ್ದು 2000ದಲ್ಲಿ. ಅಲ್ಲಿಂದ 2023ರವರೆಗೆ ಲೆಕ್ಕ ಹಾಕಿದರೂ ಒಟ್ಟು ಆರೇ ಸಿನಿಮಾ. ಆ ಒಂಬತ್ತು ವರ್ಷ ಅವರು ಏನು ಮಾಡುತ್ತಿದ್ದರು? ಹಾಡಿನ ವಿಡಿಯೊ ಅವರನ್ನು ಸಿನಿಮಾಕ್ಕೆ ಕರೆದೊಯ್ದಿತೇ ಅಥವಾ ‘ಚಂದದ ಚಿತ್ರಗಳ ನಿರ್ದೇಶಕ’ ಎಂಬ ಹಣೆಪಟ್ಟಿ ಅಂಟಿಸಿ ತಡೆಯಿತೇ? ಈ ವಿಷಯ ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.


ಉತ್ತರ: ಹಳೆಯ ನಾಗ್ರಾ

ನಿಮ್ಮ ಪ್ರಶ್ನೆಯಲ್ಲಿ ಒಂದು ಮೆಟ್ಟಿಲು ಬಿಟ್ಟುಹೋಗಿದೆ, ಅದು ಜಾಹೀರಾತು. ನಾನು ತೊಂಬತ್ತರ ದಶಕದಲ್ಲಿ ಮುಂಬೈಯ ಜಾಹೀರಾತು ಚಿತ್ರಗಳಲ್ಲಿ ಸಹಾಯಕನಾಗಿ ದುಡಿದವನು. ಅದಕ್ಕೂ ಮೊದಲು ಸೆಟ್ಟಿನಲ್ಲಿ ಹಾಡು ನುಡಿಸುವ ನಾಗ್ರಾ ಯಂತ್ರದ ಪಕ್ಕ ಕೂತಿದ್ದೆ, ನನ್ನ ಹೆಸರು ಅಲ್ಲಿಂದ ಬಂದದ್ದು. ಆ ಕಾಲದಲ್ಲಿ ನಮ್ಮ ಆಫೀಸಿನ ಕಪಾಟಿನಲ್ಲಿ ತರ್ಸೇಮ್ ಅವರ ಕೆಲಸಗಳಿದ್ದ ಒಂದು ವಿಎಚ್‌ಎಸ್ ಕ್ಯಾಸೆಟ್ ಇತ್ತು. ಹೊಸಬರು ಬಂದರೆ ಮೊದಲು ಅದನ್ನು ಹಾಕಿ ತೋರಿಸುತ್ತಿದ್ದರು. ಅದರಲ್ಲಿ ಎಲ್ಲರೂ ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡುತ್ತಿದ್ದುದು 1992ರಲ್ಲಿ ಅವರು ಲಿವೈಸ್ ಕಂಪನಿಗೆ ಮಾಡಿದ ಈಜುಗಾರನ ಜಾಹೀರಾತು. ಒಬ್ಬ ಯುವಕ ಜೀನ್ಸ್ ತೊಟ್ಟುಕೊಂಡೇ ಒಂದು ಮನೆಯ ಈಜುಕೊಳದಿಂದ ಇನ್ನೊಂದು ಮನೆಯ ಈಜುಕೊಳಕ್ಕೆ ಹಾರುತ್ತಾ ಸಾಗುತ್ತಾನೆ, ಹಿನ್ನೆಲೆಯಲ್ಲಿ ಡೈನಾ ವಾಷಿಂಗ್ಟನ್ ಅವರ ಹಳೆಯ ಹಾಡು, ಮಾತೇ ಇಲ್ಲ. ಅದನ್ನು ನೋಡಿದರೆ ಜಾಹೀರಾತು ಯಾವುದು, ಹಾಡಿನ ವಿಡಿಯೊ ಯಾವುದು ಎಂಬ ಗೆರೆಯನ್ನು ಅವರು ಎಳೆದುಕೊಂಡಿರಲೇ ಇಲ್ಲ ಎಂಬುದು ಗೊತ್ತಾಗುತ್ತದೆ.

ಹಾಡಿನ ವಿಡಿಯೊದಿಂದ ಹೆಸರು ಬರುತ್ತದೆ, ಹಣ ಬರುವುದಿಲ್ಲ. ಇದು ಆಗಿನ ಲಾಸ್ ಏಂಜಲೀಸಿಗೂ ನಿಜ, ಈಗಿನ ಬೆಂಗಳೂರಿಗೂ ನಿಜ. ಹೆಸರು ಕೂಡ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ವಿಡಿಯೊದ ಜೊತೆಗೆ ನಿರ್ದೇಶಕರ ಹೆಸರನ್ನು ಎಂಟಿವಿ ತೆರೆಯ ಮೇಲೆ ಹಾಕಲು ತೊಡಗಿದ್ದೇ 1992ರ ಕೊನೆಯ ಹೊತ್ತಿಗೆ. ಅಂದರೆ ಮನೆಯಲ್ಲಿ ಕೂತು ‘ಲೂಸಿಂಗ್ ಮೈ ರಿಲಿಜನ್’ ನೋಡಿ ಬೆರಗಾದ ಹುಡುಗನಿಗೆ ಅದನ್ನು ಮಾಡಿದವರು ಜಲಂಧರದಲ್ಲಿ ಹುಟ್ಟಿದವರು ಎಂದು ತಿಳಿಯುವ ದಾರಿ ಇರಲಿಲ್ಲ. ಜಾಹೀರಾತು ಏಜೆನ್ಸಿಗಳಿಗೆ ಮಾತ್ರ ತಿಳಿದಿತ್ತು. ಆ ಒಂಬತ್ತು ವರ್ಷಗಳಲ್ಲಿ ಅವರು ನಡೆದದ್ದು ಆ ದಾರಿಯಲ್ಲಿ: 1996ರಲ್ಲಿ ನೈಕಿಗಾಗಿ ದೆವ್ವಗಳ ತಂಡದ ಎದುರು ಫುಟ್‌ಬಾಲ್ ತಾರೆಯರನ್ನು ಆಡಿಸಿದ ಜಾಹೀರಾತು ಅವರದು, ಆ ವರ್ಷಗಳ ನಂತರವೂ, 2004ರಲ್ಲಿ ಪೆಪ್ಸಿಗಾಗಿ ಬ್ರಿಟ್ನಿ ಸ್ಪಿಯರ್ಸ್, ಬಿಯಾನ್ಸೆ, ಪಿಂಕ್ ಮೂವರನ್ನೂ ರೋಮನ್ ಅಖಾಡಕ್ಕಿಳಿಸಿದ್ದೂ ಅವರೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ಹಣವನ್ನು ಅವರು ಏನು ಮಾಡಿದರು ಎಂಬುದರಲ್ಲಿ ನಿಮ್ಮ ಪ್ರಶ್ನೆಗೆ ಉತ್ತರವಿದೆ. ‘ದಿ ಫಾಲ್’ ಸಿನಿಮಾವನ್ನು ಅವರು ಬಹುಪಾಲು ತಮ್ಮ ಕೈಗಂಟಿನಿಂದ ಮಾಡಿದರು. ನಾಲ್ಕು ವರ್ಷಗಳ ಕಾಲ ಇಪ್ಪತ್ತರ ಆಸುಪಾಸಿನ ದೇಶಗಳಲ್ಲಿ ಅದರ ಚಿತ್ರೀಕರಣ ನಡೆಯಿತು, ಮತ್ತು ಅದು ಸಾಧ್ಯವಾದದ್ದು ಒಂದು ಸರಳವಾದ ಏರ್ಪಾಟಿನಿಂದ. ಜಾಹೀರಾತಿನ ಕೆಲಸಕ್ಕೆ ಯಾವ ದೇಶಕ್ಕೆ ಹೋಗಬೇಕಾಗಿ ಬಂದರೂ, ಆ ಕೆಲಸ ಮುಗಿದ ಮೇಲೆ ತಮ್ಮ ನಟರನ್ನು ಅಲ್ಲಿಗೆ ಕರೆಸಿಕೊಂಡು, ಹೇಗೂ ಅಲ್ಲಿಗೆ ಬಂದಿದ್ದ ತಂಡವನ್ನು ಬಳಸಿಕೊಂಡು ತಮ್ಮ ಸಿನಿಮಾದ ಒಂದೆರಡು ದೃಶ್ಯಗಳನ್ನು ತೆಗೆದುಕೊಂಡು ಬರುತ್ತಿದ್ದರು. ಜೋಧಪುರದ ನೀಲಿ ಮನೆಗಳು, ಆಭಾನೇರಿಯ ಚಾಂದ್ ಬಾವಡಿಯ ಮೆಟ್ಟಿಲುಗಳು, ಜೈಪುರದ ಜಂತರ್ ಮಂತರ್, ನಮೀಬಿಯಾದ ಕೆಂಪು ಮರಳುದಿಬ್ಬಗಳು, ಅಂಡಮಾನಿನ ಕಡಲಿನಲ್ಲಿ ಈಜುವ ಆನೆ, ಇವೆಲ್ಲ ನಿಜವಾದ ಸ್ಥಳಗಳು, ನಿಜವಾದ ಆನೆ. ಕಂಪ್ಯೂಟರಿನಲ್ಲಿ ಕಟ್ಟಿದ ಲೋಕ ಅದಲ್ಲ.

ಹಾಗೆಂದು ಎಲ್ಲರೂ ಅವರ ದಾರಿಯನ್ನೇ ಹಿಡಿದರು ಎಂದು ತಿಳಿಯಬೇಡಿ. ಮಡೋನಾ ಅವರ ಹಾಡುಗಳಿಗೆ ವಿಡಿಯೊ ಮಾಡಿ ಹೆಸರಾಗಿದ್ದ ಡೇವಿಡ್ ಫಿಂಚರ್ 1992ರಲ್ಲೇ ಸ್ಟುಡಿಯೊ ಒಂದರ ದೊಡ್ಡ ಸಿನಿಮಾ ಒಪ್ಪಿಕೊಂಡು, ಆ ‘ಏಲಿಯನ್ 3’ರ ಕಹಿಯನ್ನು ಉಂಡು, ಮತ್ತೆ ಹಾಡಿನ ವಿಡಿಯೊಗಳಿಗೆ ಮರಳಿ, ಮೂರು ವರ್ಷಗಳ ನಂತರ ‘ಸೆವೆನ್’ ಚಿತ್ರದಿಂದ ಎದ್ದು ನಿಂತರು. ತರ್ಸೇಮ್ ಅವಸರಪಡಲಿಲ್ಲ. ನನ್ನ ಅನುಭವದಲ್ಲಿ ಕಾಯಲು ಬೇಕಾದ ಹಣ ಕೈಯಲ್ಲಿದ್ದವರು ಮಾತ್ರ ಕಾಯಬಲ್ಲರು. ಆದ್ದರಿಂದ ನಿಮಗೆ ನಾನು ಹೇಳುವುದು ಇಷ್ಟು: ಆಲ್ಬಂ ಸಾಂಗ್‌ಗಳ ಜೊತೆಗೆ ಅಂಗಡಿ, ಆಸ್ಪತ್ರೆ, ಬಟ್ಟೆ ಮಳಿಗೆಗಳ ಚಿಕ್ಕ ಜಾಹೀರಾತುಗಳನ್ನೂ ಬಿಡದೆ ಮಾಡಿ. ಅದು ಕೀಳು ಕೆಲಸವಲ್ಲ.


ಉತ್ತರ: ತುಂಗಾತೀರ

ಹಳೆಯ ನಾಗ್ರಾ ಅವರ ಮಾತನ್ನು ಗೌರವದಿಂದ ಓದಿದೆ. ಹಣದ ಬಗ್ಗೆ ಅವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಆ ನಿರ್ಮಾಪಕರು ಎತ್ತಿದ ಪ್ರಶ್ನೆ ಹಣದ್ದಲ್ಲ, ಕಥೆಯದು. ಅದನ್ನು ಬದಿಗೆ ಸರಿಸಿದರೆ ಬೆಣ್ಣೆನಗರಿಯವರಿಗೆ ಅನ್ಯಾಯವಾಗುತ್ತದೆ. ನಾನು ಶಿವಮೊಗ್ಗದಲ್ಲಿ ಹಲವು ವರ್ಷಗಳಿಂದ ಒಂದು ಸಣ್ಣ ಚಿತ್ರ ಸಮಾಜದ ಕೆಲಸ ನೋಡಿಕೊಳ್ಳುತ್ತಿದ್ದೇನೆ. ತರ್ಸೇಮ್ ಅವರ ಸಿನಿಮಾಗಳನ್ನು ಸದಸ್ಯರ ಜೊತೆ ಕೂತು ನೋಡಿ ವಾದ ಮಾಡಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

‘ದಿ ಸೆಲ್’ ಚಿತ್ರದಲ್ಲಿ ಮನಃಶಾಸ್ತ್ರಜ್ಞೆಯೊಬ್ಬಳು ಪ್ರಜ್ಞೆ ತಪ್ಪಿದ ಕೊಲೆಗಾರನ ಮನಸ್ಸಿನೊಳಗೆ ಹೊಗುತ್ತಾಳೆ. ಹೊರಗಿನ ಲೋಕದ ಪೊಲೀಸ್ ತನಿಖೆ ಸಪ್ಪೆಯಾಗಿದೆ, ಒಳಗಿನ ಲೋಕ ಮಾತ್ರ ಕಣ್ಣು ಕೋರೈಸುತ್ತದೆ. ಎರಡಕ್ಕೂ ಹೊಲಿಗೆ ಬಿದ್ದಿಲ್ಲ. ರೋಜರ್ ಈಬರ್ಟ್ ಅಂಥ ದೊಡ್ಡ ವಿಮರ್ಶಕರು ಅದಕ್ಕೆ ನಾಲ್ಕು ನಕ್ಷತ್ರ ಕೊಟ್ಟರೂ ನನ್ನ ಅಭಿಪ್ರಾಯ ಬದಲಾಗಿಲ್ಲ. 2011ರ ‘ಇಮ್ಮಾರ್ಟಲ್ಸ್’ ಜಗತ್ತಿನಾದ್ಯಂತ 22 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದರಲ್ಲಿ ಇಂದು ನನಗೆ ನೆನಪಿರುವುದು ಉಡುಪುಗಳು ಮಾತ್ರ. ಆ ಉಡುಪುಗಳ ಹಿಂದಿದ್ದವರು ಜಪಾನಿನ ಎಯ್ಕೊ ಇಷಿಯೋಕಾ. 2012ರ ಜನವರಿಯಲ್ಲಿ ತೀರಿಕೊಳ್ಳುವ ತನಕ ಅವರು ತರ್ಸೇಮ್ ಅವರ ಮೊದಲ ನಾಲ್ಕೂ ಸಿನಿಮಾಗಳಿಗೆ ವಸ್ತ್ರವಿನ್ಯಾಸ ಮಾಡಿದರು. ಅವರ ಕೈಚಳಕವಿಲ್ಲದೆ 2015ರಲ್ಲಿ ಬಂದ ‘ಸೆಲ್ಫ್‌ಲೆಸ್’ ಯಾರು ಬೇಕಾದರೂ ಮಾಡಬಹುದಾಗಿದ್ದ ಸಿನಿಮಾದಂತೆ ಕಾಣುತ್ತದೆ. ಹೀಗಾಗಿ ಆ ನಿರ್ಮಾಪಕರ ಮಾತಿನಲ್ಲಿ ಸ್ವಲ್ಪವೂ ಹುರುಳಿಲ್ಲ ಎಂದು ನಾನು ಹೇಳಲಾರೆ.

ಆದರೆ ‘ದಿ ಫಾಲ್’ ಇದೆಯಲ್ಲ, ಅದರ ಮುಂದೆ ಆ ಮಾತು ನಿಲ್ಲುವುದಿಲ್ಲ. ಎಲ್ಲರೂ ಅದರ ಮರಳುಗಾಡು ಮತ್ತು ಅರಮನೆಗಳ ಬಗ್ಗೆಯೇ ಮಾತನಾಡುತ್ತಾರೆ. ಆದರೆ ಆ ಸಿನಿಮಾದ ಜೀವ ಇರುವುದು ಒಂದು ಆಸ್ಪತ್ರೆಯ ಮಂಚದಲ್ಲಿ. ಕಾಲ 1915, ಸ್ಥಳ ಲಾಸ್ ಏಂಜಲೀಸ್. ಮೂಕಿ ಚಿತ್ರವೊಂದರ ಸಾಹಸ ದೃಶ್ಯದಲ್ಲಿ ಬಿದ್ದು ಕಾಲುಗಳ ಸ್ವಾಧೀನ ಕಳೆದುಕೊಂಡ ರಾಯ್ ಎಂಬ ಸ್ಟಂಟ್ ಕಲಾವಿದ ಸಾಯಲು ಬಯಸುತ್ತಿದ್ದಾನೆ. ಕಿತ್ತಳೆ ತೋಟದಲ್ಲಿ ಬಿದ್ದು ಕೈ ಮುರಿದುಕೊಂಡ ಪುಟ್ಟ ಹುಡುಗಿಯೊಬ್ಬಳಿಗೆ ಅವನು ಕಂತು ಕಂತಾಗಿ ಕಥೆ ಹೇಳುತ್ತಾನೆ, ಕಥೆಯ ಆಸೆಗೆ ಅವಳು ತನಗೆ ಮಾರ್ಫಿನ್ ಗುಳಿಗೆಗಳನ್ನು ಕದ್ದು ತಂದುಕೊಡಲಿ ಎಂದು. ಕಥೆ ಹೇಳುವವನು ಅವನು, ಆದರೆ ನಾವು ತೆರೆಯ ಮೇಲೆ ಕಾಣುವುದು ಅವಳ ಕಣ್ಣಿನ ಚಿತ್ರಗಳನ್ನು. ಅವನು ‘ಇಂಡಿಯನ್’ ಎಂದು ಅಮೆರಿಕದ ಮೂಲನಿವಾಸಿಯ ಬಗ್ಗೆ ಹೇಳುತ್ತಾನೆ, ಅವನ ಗುಡಾರದ ಬಗ್ಗೆಯೂ ಹೇಳುತ್ತಾನೆ. ಕಿತ್ತಳೆ ತೋಟದಲ್ಲಿ ತನ್ನ ಜೊತೆ ಕೆಲಸ ಮಾಡುವ ಭಾರತೀಯನೊಬ್ಬನನ್ನು ಮಾತ್ರ ಬಲ್ಲ ಆ ಹುಡುಗಿಯ ಮನಸ್ಸಿನಲ್ಲಿ ಮುಂಡಾಸು ಕಟ್ಟಿ ಕತ್ತಿ ಹಿಡಿದ ನಮ್ಮ ಕಡೆಯ ವೀರ ಮೂಡುತ್ತಾನೆ. ಒಂದೇ ಪದ, ಎರಡು ಲೋಕ. ಇದನ್ನು ಯಾರೂ ವಿವರಿಸುವುದಿಲ್ಲ. ನಮ್ಮ ಚಿತ್ರ ಸಮಾಜದಲ್ಲಿ ಈ ಜಾಗಕ್ಕೆ ಬಂದಾಗ ಮೊದಲು ಒಬ್ಬರು, ಆಮೇಲೆ ಇಡೀ ಕೋಣೆ ನಕ್ಕಿತು. ಕಥೆ ಹೇಳಲು ಬಾರದವರ ಕೈಯಲ್ಲಿ ಇಂಥದ್ದು ಹುಟ್ಟುವುದಿಲ್ಲ.

ಇನ್ನೊಂದು ಜಾಗವನ್ನು ಹೇಳಿ ಮುಗಿಸುತ್ತೇನೆ. ಹುಡುಗಿಯ ಪಾತ್ರ ಮಾಡಿದ ಕ್ಯಾಟಿಂಕಾ ಉಂಟಾರು ರೊಮೇನಿಯಾದವಳು, ಆಗ ಆರು ವರ್ಷದ ಆಸುಪಾಸು, ಇಂಗ್ಲಿಷ್ ಅಷ್ಟಾಗಿ ಬಾರದು. ರಾಯ್ ಪಾತ್ರದ ಲೀ ಪೇಸ್ ನಿಜವಾಗಿಯೂ ನಡೆಯಲಾರರು ಎಂದೇ ಅವಳನ್ನು ನಂಬಿಸಿದ್ದರು. ಚಿತ್ರತಂಡದ ಬಹುಪಾಲು ಜನರೂ ಅದನ್ನೇ ನಂಬಿದ್ದರು. ಮಂಚದ ಸುತ್ತ ಪರದೆ ಎಳೆದು, ಪರದೆಯ ತೂತುಗಳಿಂದ ಕ್ಯಾಮೆರಾ ಇಟ್ಟು ಅವರಿಬ್ಬರ ಮಾತನ್ನು ಸೆರೆಹಿಡಿದರು. ರಾಯ್ ಬರೆದುಕೊಟ್ಟ ಔಷಧಿಯ ಹೆಸರಿನ ಕೊನೆಯ ಇಂಗ್ಲಿಷ್ ಅಕ್ಷರ ‘ಇ’ಯನ್ನು ಆ ಹುಡುಗಿ ಅಂಕೆ 3 ಎಂದು ಓದಿಕೊಂಡಳು. ಮಗುವಿನ ಆ ತಪ್ಪನ್ನು ತರ್ಸೇಮ್ ತಿದ್ದಲಿಲ್ಲ, ಕಥೆಯ ತಿರುವನ್ನೇ ಅದರ ಮೇಲೆ ನಿಲ್ಲಿಸಿದರು. ಅವಳು ಸೀಸೆಯ ಗುಳಿಗೆಗಳನ್ನೆಲ್ಲ ಚೆಲ್ಲಿ ಮೂರನ್ನು ಮಾತ್ರ ತರುತ್ತಾಳೆ, ರಾಯ್ ಆ ದಿನ ಸಾಯುವುದಿಲ್ಲ. ಇಪ್ಪತ್ತು ದೇಶಗಳ ಅಷ್ಟೂ ವೈಭವವನ್ನು ಹೊತ್ತು ನಿಂತಿರುವುದು ಈ ಒಂದು ಅಕ್ಷರ.


ಉತ್ತರ: ಕತ್ತರಿ ಕೆಲಸ

ನಾನು ಸಂಕಲನಕಾರ. ಹಾಡು ಬೇರೆ, ಕಥೆ ಬೇರೆ ಎಂಬ ವಿಂಗಡಣೆಯನ್ನು ಇಬ್ಬರು ಹಿರಿಯರೂ ಒಪ್ಪಿಕೊಂಡೇ ಮಾತನಾಡುತ್ತಿದ್ದಾರೆ ಎನಿಸಿತು. ಎಡಿಟಿಂಗ್ ಮೇಜಿನ ಮೇಲೆ ಕಂಡದ್ದನ್ನು ಹೇಳಲು ಬರೆಯುತ್ತಿದ್ದೇನೆ.

‘ಲೂಸಿಂಗ್ ಮೈ ರಿಲಿಜನ್’ ವಿಡಿಯೊವನ್ನು ಹಾಡು ಶುರುವಾಗುವ ಮೊದಲಿನಿಂದ ನೋಡಿ. ಕತ್ತಲು ಕೋಣೆ, ತೆರೆದ ಕಿಟಕಿ, ಹೊರಗೆ ಹನಿಯುವ ನೀರು. ತಂಡದ ಮೂವರು ಕೋಣೆಯ ಅಡ್ಡಕ್ಕೆ ಓಡುತ್ತಾರೆ, ಗಾಯಕ ಮೈಕಲ್ ಸ್ಟೈಪ್ ಮಾತ್ರ ಕುರ್ಚಿಯಲ್ಲಿ ಕೂತೇ ಇರುತ್ತಾರೆ. ಕಿಟಕಿಯ ಮೇಲಿದ್ದ ಹಾಲಿನ ಹೂಜಿ ಬಿದ್ದು ಒಡೆಯುತ್ತದೆ. ಇಷ್ಟಾದ ಮೇಲೆ ಮ್ಯಾಂಡೊಲಿನ್ ನುಡಿಯುತ್ತದೆ. ಆ ಹಾಲಿನ ಹೂಜಿ ಬಂದದ್ದು ಆಂದ್ರೇ ತಾರ್ಕೋವ್‌ಸ್ಕಿಯವರ ಕೊನೆಯ ಸಿನಿಮಾದಿಂದ, ಮುಂದೆ ಬರುವ ಬೆಳಕು ಇಟಲಿಯ ವರ್ಣಚಿತ್ರಕಾರ ಕರವಾಜ್ಜೊನ ಚಿತ್ರಗಳಿಂದ, ರೆಕ್ಕೆಯ ಮುದುಕ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಜ್ ಅವರ ಕಥೆಯಿಂದ. ಎಲ್ಲೆಲ್ಲಿಂದಲೋ ತಂದದ್ದು ನಿಜ, ಆದರೆ ಹಾಡಿಗೂ ಮೊದಲು ಒಂದು ಅವಘಡವನ್ನು ತೋರಿಸಿ, ಏಕೆ ಹೀಗಾಯಿತು ಎಂಬ ಪ್ರಶ್ನೆಯನ್ನು ನೋಡುವವರ ಎದೆಯಲ್ಲಿ ಇಟ್ಟು, ಆಮೇಲೆ ಹಾಡನ್ನು ಬಿಡುವ ಕ್ರಮವಿದೆಯಲ್ಲ, ಅದು ಕಥೆ ಹೇಳುವವನ ಕ್ರಮ.

ಹದಿನೈದು ವರ್ಷಗಳ ನಂತರ ‘ದಿ ಫಾಲ್’ ತೆರೆದುಕೊಳ್ಳುವುದೂ ಹೀಗೆಯೇ. ಕಪ್ಪು ಬಿಳುಪು, ನಿಧಾನಗತಿ, ಬೀಥೋವನ್‌ನ ಏಳನೆಯ ಸಿಂಫನಿಯ ಎರಡನೆಯ ಭಾಗ, ಒಂದು ರೈಲು ಸೇತುವೆ, ನದಿಯಿಂದ ಮೇಲಕ್ಕೆತ್ತುತ್ತಿರುವ ಕುದುರೆ. ಒಂದು ಮಾತೂ ಇಲ್ಲ. ಅದು ಶೂಟಿಂಗ್ ನಡುವೆ ನಡೆದ ಅಪಘಾತ ಎಂದು ನಮಗೆ ತಿಳಿಯುವುದು ಬಹಳ ಹೊತ್ತಿನ ನಂತರ. ಹಾಡಿನ ವಿಡಿಯೊದಲ್ಲಿ ಕಲಿತದ್ದನ್ನು ಅವರು ಸಿನಿಮಾಕ್ಕೆ ಬಂದಾಗ ಬಿಟ್ಟುಬಿಡಲಿಲ್ಲ, ಕಥೆಯ ಹೊಸ್ತಿಲಲ್ಲೇ ಅದನ್ನು ಇಟ್ಟರು.

ನಡುವೆ 1990ರ ದಶಕದಲ್ಲಿ ಡೀಪ್ ಫಾರೆಸ್ಟ್ ತಂಡದ ‘ಸ್ವೀಟ್ ಲಲಬೈ’ ಹಾಡಿಗೆ ಅವರು ಮಾಡಿದ ವಿಡಿಯೊವನ್ನು ಬಹಳ ಜನ ಮರೆತಿದ್ದಾರೆ. ಅದರಲ್ಲಿ ಪುಟ್ಟ ಹುಡುಗಿಯೊಬ್ಬಳು ಮೂರು ಗಾಲಿಯ ಸೈಕಲ್ ತುಳಿಯುತ್ತಾ ದೇಶದಿಂದ ದೇಶಕ್ಕೆ ಸಾಗುತ್ತಾಳೆ. ಒಂದು ಮಗು, ಇಡೀ ಜಗತ್ತು. ‘ದಿ ಫಾಲ್’ ಬೀಜ ಮೊಳೆತದ್ದು ಅಲ್ಲಿ ಎಂದು ನಾನು ನಂಬುತ್ತೇನೆ.

2020ರಲ್ಲಿ ಅವರು ಲೇಡಿ ಗಾಗಾ ಅವರ ‘911’ ಹಾಡಿಗಾಗಿ ಮತ್ತೆ ವಿಡಿಯೊಕ್ಕೆ ಮರಳಿದರು. ಮರಳುಗಾಡು, ಸೆರ್ಗೆಯ್ ಪರಜಾನೋವ್ ಸಿನಿಮಾವನ್ನು ನೆನಪಿಸುವ ಉಡುಪು, ಅರ್ಥವಾಗದ ಸಂಜ್ಞೆಗಳು, ವಿಚಿತ್ರ ಜನ. ಮೂರು ನಿಮಿಷ ಇವೆಲ್ಲ ಬರಿಯ ಅಲಂಕಾರ ಎನಿಸುತ್ತದೆ. ಕೊನೆಯಲ್ಲಿ ತಟ್ಟನೆ ರಸ್ತೆ ಅಪಘಾತವೊಂದರ ನಡುವೆ ಅವಳು ಕಣ್ಣು ತೆರೆಯುತ್ತಾಳೆ. ಆ ವಿಚಿತ್ರ ಜನರೆಲ್ಲ ಅವಳ ಸುತ್ತ ನಿಂತಿರುವ ಗಾಯಾಳುಗಳು, ಚಿಕಿತ್ಸೆ ಕೊಡುವವರು, ದಾರಿಹೋಕರು. ಆಸ್ಪತ್ರೆಯ ಜನರೇ ಕಥೆಯೊಳಗಿನ ಪಾತ್ರಗಳಾಗುವ ‘ದಿ ಫಾಲ್’ ಕಟ್ಟಡವೇ ಇದು, ನಾಲ್ಕೈದು ನಿಮಿಷಕ್ಕೆ ಇಳಿದಿದೆ. ಹಾಗಾದರೆ ಯಾವುದು ಯಾವುದಕ್ಕೆ ಮೆಟ್ಟಿಲು?

ಬೆಣ್ಣೆನಗರಿಯವರೇ, ಕೆಲಸದ ಮಾತೊಂದನ್ನೂ ಸೇರಿಸುತ್ತೇನೆ. ಸೆಕೆಂಡಿಗೆ 48 ಫ್ರೇಮಿನಲ್ಲಿ ತೆಗೆಯುವಾಗ ಸೆಟ್ಟಿನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ ತುಟಿ ಹೊಂದಿಸುವುದು ನಿಮಗೆ ಗೊತ್ತೇ ಇದೆ. ಅದನ್ನು 24ರಲ್ಲಿ ಓಡಿಸಿದಾಗ ತುಟಿ ಹಾಡಿಗೆ ಸರಿಯಾಗಿ ಕೂಡುತ್ತದೆ, ದೇಹ ಮಾತ್ರ ನೀರಿನೊಳಗಿದ್ದಂತೆ ತೇಲುತ್ತದೆ. ನನ್ನ ಬಳಿ ಬರುವ ಹತ್ತು ಆಲ್ಬಂ ಸಾಂಗ್‌ಗಳಲ್ಲಿ ಎಂಟರಲ್ಲಿ ಈ ತೇಲಾಟ ಮೊದಲಿನಿಂದ ಕೊನೆಯವರೆಗೂ ಇರುತ್ತದೆ. ಏಕೆ ಇದೆ ಎಂದು ಕೇಳಿದರೆ ಚೆನ್ನಾಗಿ ಕಾಣುತ್ತದೆ ಎನ್ನುತ್ತಾರೆ. ನಿಮ್ಮ ನಿರ್ಮಾಪಕರು ಮೊಬೈಲಿನಲ್ಲಿ ಕಂಡದ್ದು ಬಹುಶಃ ಅದನ್ನೇ.


ಉತ್ತರ: ಒಂಟಾರಿಯೊ ಕನ್ನಡಿಗ

ಚರ್ಚೆಯಲ್ಲಿ ಅವರ ಆರನೆಯ ಸಿನಿಮಾ ಇನ್ನೂ ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ‘ಡಿಯರ್ ಜಸ್ಸಿ’ 2023ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡು ಅಲ್ಲಿನ ಪ್ಲಾಟ್‌ಫಾರ್ಮ್ ಪ್ರಶಸ್ತಿಯನ್ನು ಗಳಿಸಿತು. ಆ ಉತ್ಸವದಲ್ಲಿ ಅದನ್ನು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಕೆನಡಾದಲ್ಲಿ ಬೆಳೆದ ಪಂಜಾಬಿ ಯುವತಿಯೊಬ್ಬಳು ಪಂಜಾಬಿನ ಬಡ ಯುವಕನನ್ನು ಗುಟ್ಟಾಗಿ ಮದುವೆಯಾದ ಕಾರಣಕ್ಕೆ 2000ದಲ್ಲಿ ಅಲ್ಲಿ ಕೊಲೆಯಾದ ನಿಜ ಪ್ರಕರಣ ಅದರ ಆಧಾರ. ಇಲ್ಲಿನ ಭಾರತೀಯರ ಮನೆಗಳಲ್ಲಿ ಆ ಸುದ್ದಿಯನ್ನು ಇಂದಿಗೂ ತಗ್ಗಿದ ದನಿಯಲ್ಲೇ ಮಾತನಾಡುತ್ತಾರೆ.

ತರ್ಸೇಮ್ ಅವರ ಹೆಸರು ಕೇಳಿ ಬಂದಿದ್ದ ನಾನು ಅಲಂಕಾರಕ್ಕಾಗಿ ಕಾಯುತ್ತಿದ್ದೆ. ಅದು ಬರಲೇ ಇಲ್ಲ. ಪಂಜಾಬಿ ಗಾಯಕರೊಬ್ಬರು ಬಯಲಿನಲ್ಲಿ ಕೂತು ಹಾಡುತ್ತಾ ಕಥೆಯನ್ನು ತೆರೆಯುತ್ತಾರೆ, ಆಮೇಲೆ ಕ್ಯಾಮೆರಾ ಒಂದು ಕಡೆ ನಿಲ್ಲುತ್ತದೆ, ಜನ ಅದರ ಮುಂದೆ ಬದುಕುತ್ತಾರೆ. ಮಹಡಿಯಿಂದ ಮಹಡಿಗೆ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡುವುದು, ನಗುವುದು, ಕಾಗದ ಬರೆಯುವುದು, ಎಲ್ಲವೂ ನಮ್ಮ ಊರಿನ ಓಣಿಯಲ್ಲಿ ನಡೆದಷ್ಟು ಸಹಜವಾಗಿದೆ. ಕೊನೆಯ ಹಿಂಸೆಯ ದೃಶ್ಯದಲ್ಲೂ ಅವರು ಕಟ್ ಮಾಡಿ ನಮ್ಮನ್ನು ಪಾರು ಮಾಡುವುದಿಲ್ಲ. ಸಿನಿಮಾ ಮುಗಿದಾಗ ನನ್ನ ಪಕ್ಕದ ಸೀಟಿನಲ್ಲಿದ್ದ ಹಿರಿಯ ಪಂಜಾಬಿ ಮಹಿಳೆ ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿ ಹಿಡಿದು ಕೂತಿದ್ದರು. ದೀಪ ಹತ್ತಿದ ಮೇಲೂ ಬಹಳ ಹೊತ್ತು ಏಳಲಿಲ್ಲ.

ಅರವತ್ತು ದಾಟಿದ ಮೇಲೆ, ತಮ್ಮ ಗುರುತಾಗಿದ್ದ ಎಲ್ಲವನ್ನೂ ಕಳಚಿಟ್ಟು, ಮೊದಲ ಬಾರಿಗೆ ತಾಯ್ನುಡಿಯಲ್ಲಿ, ತಾವು ಹುಟ್ಟಿದ ಸೀಮೆಯಲ್ಲಿ ಅವರು ಮಾಡಿದ ಸಿನಿಮಾ ಇದು. ಅಲಂಕಾರ ಅವರಿಗೆ ಊರುಗೋಲು ಆಗಿದ್ದರೆ ಇಲ್ಲಿ ಕುಂಟಬೇಕಾಗಿತ್ತು. ಈ ಒಂದು ಕಾರಣಕ್ಕೆ, ತುಂಗಾತೀರ ಅವರು ‘ಇಮ್ಮಾರ್ಟಲ್ಸ್’ ಬಗ್ಗೆ ಹೇಳಿದ್ದನ್ನು ಒಪ್ಪಿಯೂ, ತರ್ಸೇಮ್ ಅವರಿಗೆ ಕಥೆ ನಿಲ್ಲಿಸಲು ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.


ಉತ್ತರ: ತುಂಗಾತೀರ

ಒಂಟಾರಿಯೊ ಕನ್ನಡಿಗರೇ, ಆ ಸಿನಿಮಾವನ್ನು ನಾನಿನ್ನೂ ನೋಡಿಲ್ಲ, ನಿಮ್ಮ ಬರಹ ಓದಿ ನೋಡಲೇಬೇಕು ಎನಿಸಿದೆ. ಕತ್ತರಿ ಕೆಲಸ ಅವರು ಹೇಳಿದ ಹಾಲಿನ ಹೂಜಿಯ ಮಾತನ್ನೂ ಒಪ್ಪಿದೆ. ಅದನ್ನು ನಾನು ಅಲಂಕಾರದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ.

ಕೇಳಿದವರಿಗೆ ಒಂದು ಮಾಹಿತಿ: ‘ದಿ ಫಾಲ್’ 2006ರಲ್ಲೇ ಟೊರಾಂಟೊದಲ್ಲಿ ತೋರಿಸಲ್ಪಟ್ಟರೂ ಅಮೆರಿಕದ ಚಿತ್ರಮಂದಿರಗಳಿಗೆ ಬರಲು 2008 ಆಯಿತು, ಅದೂ ಡೇವಿಡ್ ಫಿಂಚರ್ ಮತ್ತು ಸ್ಪೈಕ್ ಜೋನ್ಸ್ ಅರ್ಪಿಸುವ ಚಿತ್ರ ಎಂದು ತಮ್ಮ ಹೆಸರು ಕೊಟ್ಟು ಬೆನ್ನಿಗೆ ನಿಂತ ಮೇಲೆ. ಅವರಿಬ್ಬರೂ ಹಾಡಿನ ವಿಡಿಯೊಗಳಿಂದಲೇ ಬಂದವರು. ಆಮೇಲೆ ಆ ಸಿನಿಮಾ ಎಷ್ಟೋ ವರ್ಷ ಯಾವ ಓಟಿಟಿಯಲ್ಲೂ ಸಿಗದೆ, ಸಿಕ್ಕಿದ ಡಿವಿಡಿಗಳ ಮೂಲಕ ಕೈಯಿಂದ ಕೈಗೆ ದಾಟಿತು. ನಮ್ಮ ಚಿತ್ರ ಸಮಾಜಕ್ಕೂ ಅದು ಹಾಗೆಯೇ ಬಂದದ್ದು. 2024ರಲ್ಲಿ ಅದರ 4ಕೆ ಪ್ರತಿ ಲೊಕಾರ್ನೊ ಉತ್ಸವದಲ್ಲಿ ತೆರೆ ಕಂಡು, ನಂತರ ಮುಬಿ ಎಂಬ ಓಟಿಟಿಯಲ್ಲಿ ಬಂತು.


ಉತ್ತರ: ಬೆಣ್ಣೆನಗರಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞನಾಗಿದ್ದೇನೆ. ನಾಗ್ರಾ ಸರ್, ಚಿಕ್ಕಪೇಟೆಯ ಬಟ್ಟೆ ಮಳಿಗೆಯೊಂದರ ಮೂವತ್ತು ಸೆಕೆಂಡಿನ ಕೆಲಸವನ್ನು ಬೇಡವೆಂದಿದ್ದೆ, ನಿನ್ನೆ ಫೋನ್ ಮಾಡಿ ಒಪ್ಪಿಕೊಂಡೆ.

ತುಂಗಾತೀರ ಮೇಡಂ ಹೇಳಿದ ಮೂರು ಗುಳಿಗೆಗಳ ದೃಶ್ಯವನ್ನು ರಾತ್ರಿ ನೋಡಿದೆ. ನನ್ನ ಕಥೆಯಲ್ಲಿ ಒಬ್ಬ ಅಜ್ಜಿ ಮೊಮ್ಮಗನ ಮಾತನ್ನು ತಪ್ಪಾಗಿ ಕೇಳಿಸಿಕೊಳ್ಳುವ ಒಂದು ಸಣ್ಣ ಸನ್ನಿವೇಶವಿತ್ತು. ನಿರ್ಮಾಪಕರಿಗೆ ಕಥೆ ಹೇಳುವಾಗ ಅದು ಮುಖ್ಯವಲ್ಲವೆಂದು ಹಾರಿಸಿದ್ದೆ. ಈಗ ನೋಡಿದರೆ ಇಡೀ ಕಥೆ ಅಲ್ಲಿಂದಲೇ ತಿರುಗಬೇಕಾಗಿತ್ತು. ಬರೆಯಲು ಕೂತಿದ್ದೇನೆ.

ಕತ್ತರಿ ಕೆಲಸ ಅವರ ಕೊನೆಯ ಮಾತು ಓದಿ ನನ್ನ ಹಿಂದಿನ ಒಂಬತ್ತು ವಿಡಿಯೊಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಏಳರಲ್ಲಿ ಆ ತೇಲಾಟ ಇದೆ. ಬರುವ ವಾರ ಸಕಲೇಶಪುರದ ಹತ್ತಿರ ಒಂದು ಹಾಡಿನ ಶೂಟಿಂಗ್ ಇದೆ. ಗಾಯಕರ ಜೊತೆ ಮಾತನಾಡಿದ್ದೇನೆ, ಈ ಬಾರಿ ಎಲ್ಲವನ್ನೂ 24ರಲ್ಲೇ ತೆಗೆಯುತ್ತೇವೆ, ಹಾಡು ಶುರುವಾಗುವ ಮೊದಲು ಹದಿನೈದು ಸೆಕೆಂಡು ಹೆಂಚಿನ ಮೇಲಿನ ಮಳೆಯ ಸದ್ದು ಮಾತ್ರ ಇರುತ್ತದೆ. ಆ ಹದಿನೈದು ಸೆಕೆಂಡಿನಲ್ಲಿ ಏನು ನಡೆಯಬೇಕು ಎಂಬುದನ್ನು ಇನ್ನೂ ಯೋಚಿಸುತ್ತಿದ್ದೇನೆ.